ಸೌಂಡ್ ಕಾರ್ಡ್ ಎಲ್ಲಿ ಹೋಯ್ತು?

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಅದರ ಹಿಂಭಾಗ ಒಮ್ಮೆ ನೋಡಿ. ಪಕ್ಕಪಕ್ಕದಲ್ಲೇ ಮೂರು ಸಣ್ಣ ತೂತುಗಳಿರುತ್ತವೆ. ಒಂದು ಹಸಿರು, ಒಂದು ಗುಲಾಬಿ, ಒಂದು ತಿಳಿ ನೀಲಿ. ಹಸಿರಿಗೆ ಸ್ಪೀಕರ್, ಗುಲಾಬಿಗೆ ಮೈಕ್, ನೀಲಿಗೆ ಹೊರಗಿನ ಟೇಪ್ ರೆಕಾರ್ಡರ್ ಥರದ್ದು. ಕಂಪ್ಯೂಟರ್ ಯಾವ ಕಂಪನಿಯದ್ದೇ ಆಗಿರಲಿ, ಹೆಚ್ಚಾಗಿ ಬಣ್ಣ ಇದೇ. ಯಾರು ಹೇಳಿದರು ಹಸಿರೇ ಇರಬೇಕು, ಗುಲಾಬಿಯೇ ಇರಬೇಕು ಅಂತ? ಸರ್ಕಾರದ ಕಾನೂನು ಅಲ್ಲ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಹೊರತಂದ ಪಿಸಿ 99 ಎಂಬ ಕೈಪಿಡಿಯಲ್ಲಿ ಈ ಬಣ್ಣಗಳ ಪೂರ್ತಿ ಪಟ್ಟಿ ಇದೆ. ಜಗತ್ತು ಅದನ್ನೇ ಪಾಲಿಸಿತು.

ಬಣ್ಣದ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಇಂಥದ್ದೇ ಕೈಪಿಡಿಗಳು, ಇಂಥದ್ದೇ ನಿಯಮಗಳು ಒಂದು ಇಡೀ ಮಾರುಕಟ್ಟೆಯನ್ನು ಕಟ್ಟಿದವು, ಆಮೇಲೆ ಅದೇ ಮಾರುಕಟ್ಟೆಯನ್ನು ಮುಳುಗಿಸಿದವು. ಅದು ಸೌಂಡ್ ಕಾರ್ಡ್ ಮಾರುಕಟ್ಟೆ. ಇವತ್ತಿನ ಕಾಲೇಜು ಹುಡುಗರನ್ನು ಕೇಳಿದರೆ 'ಸೌಂಡ್ ಕಾರ್ಡಾ? ಅದನ್ನ ಬೇರೆ ಕೊಂಡ್ಕೋಬೇಕಿತ್ತಾ?' ಅಂತಾರೆ. ಹೌದು, ಬೇರೆ ಕೊಂಡುಕೊಳ್ಳಬೇಕಿತ್ತು. ಹಾಗಾದರೆ ಅದು ಎಲ್ಲಿ ಹೋಯ್ತು?

ಮೊದಲು ಮಾನಕ, ಅಂದ್ರೆ ಸ್ಟಾಂಡರ್ಡ್ ಅಂದರೇನು ಅಂತ ನೋಡೋಣ. ಮನೆಯ ಗೋಡೆಯಲ್ಲಿ ಎರಡು ಥರದ ಸಾಕೆಟ್ ಇರುತ್ತೆ. ಟಿವಿಗೆ, ಟೇಬಲ್ ಫ್ಯಾನಿಗೆ ಸಣ್ಣದು. ಗೀಸರಿಗೆ ದೊಡ್ಡದು, ನಾವು 15 ಆಂಪ್ ಅಂತ ಕರೆಯೋದು. ಕಂಪನಿಯವರು ಎಷ್ಟೇ ಒಳ್ಳೆಯ ಗೀಸರ್ ಮಾಡಲಿ, ಅದರ ಪ್ಲಗ್ ನಿಮ್ಮ ಗೋಡೆಗೆ ಕೂರದಿದ್ದರೆ ಅದು ಬರೀ ತಗಡಿನ ಡಬ್ಬ. ಹಾಗಾಗಿ ಗೀಸರ್ ಮಾಡುವವನಿಗಿಂತ ದೊಡ್ಡ ಅಧಿಕಾರ ಇರೋದು ಸಾಕೆಟ್ಟಿನ ಅಳತೆ ಬರೆದವನಿಗೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಸುಲಭ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಟ್ಟಿತು. ಅದಕ್ಕೆ ಬರ್ತಿದ್ದದ್ದು ಒಂದೇ ಸದ್ದು, ಬೀಪ್. ಒಳಗಿದ್ದ ಪುಟ್ಟ ಸ್ಪೀಕರ್ ಒಂದು ಸಲಕ್ಕೆ ಒಂದೇ ಸ್ವರ ಊದುತ್ತಿತ್ತು. ಲೆಕ್ಕಪತ್ರ ಬರೆಯೋ ಯಂತ್ರಕ್ಕೆ ಸಂಗೀತ ಯಾಕೆ ಅನ್ನೋ ಲೆಕ್ಕಾಚಾರ. ಆದರೆ ಐಬಿಎಂ ಒಂದು ದೊಡ್ಡ ಕೆಲಸ ಮಾಡಿತ್ತು. ಮದರ್‌ಬೋರ್ಡ್ ಮೇಲೆ ಖಾಲಿ ಸ್ಲಾಟ್‌ಗಳನ್ನು ಬಿಟ್ಟು, ಅವುಗಳ ತಾಂತ್ರಿಕ ವಿವರವನ್ನೆಲ್ಲ ಪುಸ್ತಕ ಮಾಡಿ ಪ್ರಕಟಿಸಿತ್ತು. ಯಾರು ಬೇಕಾದರೂ ಆ ಸ್ಲಾಟಿಗೆ ಕೂರುವ ಕಾರ್ಡ್ ಮಾಡಿ ಮಾರಬಹುದಿತ್ತು. ಮುಂದೆ ಐಎಸ್‌ಎ ಅನ್ನೋ ಹೆಸರು ಪಡೆದದ್ದು ಇದೇ ಸ್ಲಾಟ್. ಸೌಂಡ್ ಕಾರ್ಡ್ ಹುಟ್ಟಿದ್ದು ಈ ತೆರೆದ ಬಾಗಿಲಿನಿಂದ.

ಬಾಗಿಲಿನ ಒಳಗೆ ಬಂದು ಹೆಸರು ಮಾಡಿದ್ದು ಕೆನಡಾದ ಕ್ಯುಬೆಕ್ ನಗರದ ಆಡ್‌ಲಿಬ್ ಕಂಪನಿ. ಸ್ಥಾಪಿಸಿದವರು ಮಾರ್ಟಿನ್ ಪ್ರೆವೆಲ್, ಸಂಗೀತದ ಪ್ರಾಧ್ಯಾಪಕರು. 1987ರಲ್ಲಿ ಬಂದ ಅವರ ಕಾರ್ಡಿನ ಮೇಲೆ ಜಪಾನಿನ ಯಮಹಾ ಕಂಪನಿಯ ಒಂದು ಚಿಪ್ ಇತ್ತು. ಒಟ್ಟಿಗೇ ಒಂಬತ್ತು ಸ್ವರ ನುಡಿಸುವ ತಾಕತ್ತು. ಬೀಪ್ ಕೇಳಿ ಕೇಳಿ ಬೇಸತ್ತ ಕಿವಿಗೆ ಅದು ಹಬ್ಬದೂಟ. ಮರುವರ್ಷ ಅಮೆರಿಕದ ಸಿಯೆರಾ ಕಂಪನಿ ತನ್ನ ಗೇಮ್‌ಗಳಲ್ಲಿ ಇಂಥ ಕಾರ್ಡ್‌ಗಳಿಗೆ ಸಂಗೀತ ಬರೆಸಿತು. ಉಳಿದವರೂ ಶುರು ಮಾಡಿದರು. ಯಾರೂ ಸಭೆ ಸೇರಿ ಠರಾವು ಮಾಡಲಿಲ್ಲ, ಆದರೂ ಆಡ್‌ಲಿಬ್ ಒಂದು ಮಾನಕ ಆಗಿಬಿಟ್ಟಿತು.

ಈಗ ಸಿಂಗಪುರಕ್ಕೆ ಬನ್ನಿ. ಐಬಿಎಂ ಪಿಸಿ ಬರೋದಕ್ಕೆ ಸುಮಾರು ಒಂದೂವರೆ ತಿಂಗಳು ಮುಂಚೆ, 1981ರ ಜುಲೈ 1ರಂದು, ಸಿಮ್ ವಾಂಗ್ ಹೂ ಎಂಬ ಯುವಕ ಅಲ್ಲಿನ ಚೈನಾಟೌನ್‌ನ ಒಂದು ಕಟ್ಟಡದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದಿದ್ದರು. ಹೆಸರು ಕ್ರಿಯೇಟಿವ್. ಇವರೂ 1987ರಲ್ಲಿ ಒಂದು ಸಂಗೀತದ ಕಾರ್ಡ್ ಮಾಡಿದರು. ಆಡ್‌ಲಿಬ್‌ನಲ್ಲಿ ಒಂಬತ್ತು ಸ್ವರ, ಇವರದ್ದರಲ್ಲಿ ಹನ್ನೆರಡು, ಅದೂ ಸ್ಟೀರಿಯೋ. ಆದರೂ ಓಡಲಿಲ್ಲ. ಯಾಕೆ? ಗೇಮ್‌ಗಳನ್ನು ಬರೆದದ್ದು ಆಡ್‌ಲಿಬ್‌ಗೆ. ಪ್ಲಗ್ ಗೋಡೆಗೆ ಕೂರಲಿಲ್ಲ, ಅಷ್ಟೇ.

ಆಗ ಕ್ರಿಯೇಟಿವ್ ಗೆದ್ದೆತ್ತಿನ ಬಾಲ ಹಿಡೀತು. 1989ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿ ಆಡ್‌ಲಿಬ್‌ನಲ್ಲಿದ್ದ ಅದೇ ಯಮಹಾ ಚಿಪ್ ಇಟ್ಟರು. ಆಡ್‌ಲಿಬ್‌ಗೆ ಬರೆದ ಗೇಮ್ ಎಲ್ಲಾ ಇದರಲ್ಲೂ ಹಾಡಿದವು. ಅದರ ಮೇಲೆ ಎರಡು ಹೊಸದು. ಒಂದು, ಧ್ವನಿಮುದ್ರಿಸಿದ ನಿಜವಾದ ಸದ್ದು, ಅಂದ್ರೆ ಮನುಷ್ಯನ ಮಾತು, ಗುಂಡಿನ ಶಬ್ದ, ಇವನ್ನು ನುಡಿಸುವ ವ್ಯವಸ್ಥೆ. ಇನ್ನೊಂದು, ಜಾಯ್‌ಸ್ಟಿಕ್ ಸಿಕ್ಕಿಸಲು ಒಂದು ಪೋರ್ಟ್. ಆ ಕಾಲದಲ್ಲಿ ಎಷ್ಟೋ ಜನ ಜಾಯ್‌ಸ್ಟಿಕ್‌ಗೆ ಬೇರೆ ಕಾರ್ಡ್ ಕೊಂಡು ಇನ್ನೊಂದು ಸ್ಲಾಟ್ ಖರ್ಚು ಮಾಡಬೇಕಿತ್ತು. ಒಂದೇ ಕಾರ್ಡಿನಲ್ಲಿ ಎರಡು ಕೆಲಸ ಆದರೆ ಗಿರಾಕಿ ಬಿಡ್ತಾನಾ?

ಆಡ್‌ಲಿಬ್ 1992ರಲ್ಲಿ ದಿವಾಳಿಯಾಯ್ತು. ಅದೇ ವರ್ಷ ಕ್ರಿಯೇಟಿವ್ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಕಾಲಿಟ್ಟಿತು. ಅಲ್ಲಿಗೆ ಹೋದ ಮೊದಲ ಸಿಂಗಪುರದ ಕಂಪನಿ ಅದು. ಇನ್ನೊಬ್ಬರ ಮಾನಕಕ್ಕೆ ಹೊಂದಿಕೊಂಡು ಬೆಳೆದವರೇ ಈಗ ಮಾನಕ ಆದರು. ಬೇರೆ ಕಂಪನಿಗಳು ತಮ್ಮ ಡಬ್ಬದ ಮೇಲೆ ದೊಡ್ಡದಾಗಿ 'ಸೌಂಡ್ ಬ್ಲಾಸ್ಟರ್ ಕಂಪ್ಯಾಟಿಬಲ್' ಅಂತ ಅಚ್ಚು ಹಾಕಿಸಲು ಶುರು ಮಾಡಿದವು. ಡಾಸ್ ಕಾಲದಲ್ಲಿ ಗೇಮ್ ಆಡಿದವರಿಗೆ ನೆನಪಿರುತ್ತೆ, ಪೋರ್ಟ್ 220, ಇಂಟರಪ್ಟ್ 5, ಡಿಎಂಎ 1. ಆ ಮೂರು ಅಂಕಿ ಸರಿಯಾಗಿ ಕೊಡದಿದ್ದರೆ ಗೇಮ್ ಮೂಕ. ಇಂಜಿನಿಯರಿಂಗ್‌ನಲ್ಲಿ 8086 ಲ್ಯಾಬ್ ಮಾಡಿದವರಿಗೆ ಈ ಪದಗಳು ಗೊತ್ತು. ಪೋರ್ಟ್ ಅಂದ್ರೆ ಕಾರ್ಡಿನ ಮನೆ ನಂಬರ್. ಇಂಟರಪ್ಟ್ ಅಂದ್ರೆ ಕಾರ್ಡ್ ಪ್ರೊಸೆಸರ್‌ನ ಬಾಗಿಲು ತಟ್ಟೋ ರೀತಿ. ಡಿಎಂಎ ಅಂದ್ರೆ ಪ್ರೊಸೆಸರ್‌ಗೆ ತೊಂದರೆ ಕೊಡದೆ ಮೆಮೊರಿಯಿಂದ ನೇರವಾಗಿ ಸದ್ದಿನ ಡೇಟಾ ತರಿಸಿಕೊಳ್ಳೋ ದಾರಿ.

ಒಳ್ಳೆಯ ಸದ್ದೇ ಗೆಲ್ಲುತ್ತೆ ಅಂತ ಯಾರಾದರೂ ಅಂದುಕೊಂಡಿದ್ದರೆ ಗ್ರಾವಿಸ್ ಅಲ್ಟ್ರಾಸೌಂಡ್ ಕಥೆ ಕೇಳಿ. ಇದೂ ಕೆನಡಾದ್ದೇ, 1992ರ ಕಾರ್ಡ್. ನಿಜವಾದ ವಾದ್ಯಗಳ ಮುದ್ರಿತ ಧ್ವನಿಯನ್ನೇ ಬಳಸಿ 32 ದನಿಗಳವರೆಗೆ ಒಟ್ಟಿಗೆ ನುಡಿಸಬಲ್ಲದು. ಸಂಗೀತ ಗೊತ್ತಿದ್ದವರು ಮೆಚ್ಚಿದರು. ಆದರೆ ಸೌಂಡ್ ಬ್ಲಾಸ್ಟರ್‌ನ ವೇಷ ಹಾಕೋದಕ್ಕೆ ಅದು ಒಂದು ಸಾಫ್ಟ್‌ವೇರನ್ನು ನೆಚ್ಚಿಕೊಂಡಿತ್ತು, ಆ ಸಾಫ್ಟ್‌ವೇರ್ ಎಷ್ಟೋ ಗೇಮ್‌ಗಳಲ್ಲಿ ಕೈಕೊಡ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಕಾರ್ಡ್ ಮಾರುಕಟ್ಟೆಯಿಂದ ಮರೆಯಾಯ್ತು. ಪ್ರತಿಭೆ ಇತ್ತು, ಪ್ಲಗ್ ಸರಿ ಇರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ನಿಯಮ ಬಂತು. ಮೈಕ್ರೋಸಾಫ್ಟ್ ಮತ್ತು ಕಂಪ್ಯೂಟರ್ ತಯಾರಕರು ಸೇರಿ ಮಲ್ಟಿಮೀಡಿಯಾ ಪಿಸಿ, ಅಂದ್ರೆ ಎಂಪಿಸಿ ಅನ್ನೋ ಮಾನಕ ತಂದರು. ಕಂಪ್ಯೂಟರಿಗೆ ಆ ಮುದ್ರೆ ಬೇಕಾದರೆ ಸಿಡಿ ಡ್ರೈವ್ ಇರಬೇಕು, ಸೌಂಡ್ ಕಾರ್ಡ್ ಇರಬೇಕು. 1993ರ ಎರಡನೇ ಹಂತದಲ್ಲಿ 16 ಬಿಟ್ ಸದ್ದು ಕಡ್ಡಾಯ ಆಯ್ತು. ಅಲ್ಲಿಗೆ 8 ಬಿಟ್ ಕಾರ್ಡ್ ಒಂದೇ ಏಟಿಗೆ ಹಳೇದಾಯ್ತು, 16 ಬಿಟ್ ಕಾರ್ಡಿಗೆ ಸುಗ್ಗಿ. ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ 16 ಅದಕ್ಕೆ ಮುಂಚಿನ ವರ್ಷವೇ ತಯಾರಾಗಿ ನಿಂತಿತ್ತು. ನಮ್ಮಲ್ಲೂ ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವಾಗ 'ಮಲ್ಟಿಮೀಡಿಯಾ ಕಿಟ್ ಹಾಕೋದಾ ಬೇಡ್ವಾ?' ಅನ್ನೋದು ಒಂದು ದೊಡ್ಡ ಪ್ರಶ್ನೆ. ಸಿಡಿ ಡ್ರೈವ್, ಸೌಂಡ್ ಕಾರ್ಡ್, ಎರಡು ಸ್ಪೀಕರ್ ಸೇರಿದರೆ ಕಿಟ್. ಮನೆಯವರು ಬಜೆಟ್ ನೋಡಿ ಬೇಡ ಅಂದರೆ ಕಂಪ್ಯೂಟರ್ ಮೂಕಿಯಾಗೇ ಮನೆಗೆ ಬರ್ತಿತ್ತು.

ಇಲ್ಲಿಯವರೆಗೆ ನಿಯಮ ಬದಲಾದಾಗಲೆಲ್ಲ ಸೌಂಡ್ ಕಾರ್ಡಿಗೆ ಲಾಭ. ಇನ್ನು ಮುಂದಿನದ್ದು ಬೇರೆ ಕಥೆ.

1995ರಲ್ಲಿ ವಿಂಡೋಸ್ 95 ಬಂತು, ಹಿಂದೆಯೇ ಡೈರೆಕ್ಟ್ ಎಕ್ಸ್ ಬಂತು. ಅಲ್ಲಿಯವರೆಗೆ ಗೇಮ್ ನೇರವಾಗಿ ಕಾರ್ಡಿನ ಜೊತೆ ಮಾತಾಡ್ತಿತ್ತು. ಆದ್ದರಿಂದ ಪ್ರತಿ ಕಾರ್ಡೂ ಸೌಂಡ್ ಬ್ಲಾಸ್ಟರ್‌ನ ಭಾಷೆ ಕಲಿಯಲೇಬೇಕಿತ್ತು. ಈಗ ಮಧ್ಯದಲ್ಲಿ ವಿಂಡೋಸ್ ದುಭಾಷಿಯಾಗಿ ನಿಂತಿತು. ಗೇಮ್ ವಿಂಡೋಸ್‌ಗೆ ಹೇಳುತ್ತೆ, ವಿಂಡೋಸ್ ಕಾರ್ಡಿನ ಡ್ರೈವರ್‌ಗೆ ಹೇಳುತ್ತೆ, ಡ್ರೈವರ್ ಕಾರ್ಡಿಗೆ ಹೇಳುತ್ತೆ. ಕಾರ್ಡಿಗೆ ಯಾವ ಭಾಷೆ ಬಂದರೂ ನಡೆಯುತ್ತೆ, ಡ್ರೈವರ್ ಇದ್ದರೆ ಸಾಕು. 'ಸೌಂಡ್ ಬ್ಲಾಸ್ಟರ್ ಕಂಪ್ಯಾಟಿಬಲ್' ಅನ್ನೋ ಮುದ್ರೆಯ ಬೆಲೆ ಅವತ್ತಿನಿಂದ ಕರಗತೊಡಗಿತು. ಯಾರೂ ಕ್ರಿಯೇಟಿವ್ ಮೇಲೆ ದಾಳಿ ಮಾಡಲಿಲ್ಲ. ಬರೀ ಮಾತಿನ ದಾರಿ ಬದಲಾಯ್ತು.

ಎರಡನೇದು ಸ್ಲಾಟ್. ಇಂಟೆಲ್ ತಂದ ಪಿಸಿಐ ಅನ್ನೋ ಹೊಸ, ವೇಗದ ಸ್ಲಾಟ್ ಹಳೇ ಐಎಸ್‌ಎ ಜಾಗವನ್ನು ನುಂಗುತ್ತಾ ಬಂತು. ಆದರೆ ಹೊಸ ಸ್ಲಾಟಿನಲ್ಲಿ ಹಳೇ ಡಿಎಂಎ ದಾರಿ ಇರಲಿಲ್ಲ. ಹಳೇ ಡಾಸ್ ಗೇಮ್‌ಗಳು ಹುಡುಕುತ್ತಿದ್ದ ಬಾಗಿಲೇ ಅಲ್ಲಿ ಮಾಯ. ಈ ತೊಡಕಿಗೆ ಡ್ರೈವರ್ ಮಟ್ಟದಲ್ಲಿ ಒಳ್ಳೆಯ ಉಪಾಯ ಹುಡುಕಿದ್ದು ಅಮೆರಿಕದ ಎನ್ಸೋನಿಕ್, ಕೀಬೋರ್ಡ್ ವಾದ್ಯ ಮಾಡುತ್ತಿದ್ದ ಕಂಪನಿ. ಕ್ರಿಯೇಟಿವ್ 1998ರಲ್ಲಿ ಆ ಕಂಪನಿಯನ್ನೇ ಕೊಂಡುಬಿಟ್ಟಿತು. ಆ ಕಂಪನಿಯ ಪಿಸಿಐ ಕಾರ್ಡನ್ನೇ ಮುಂದೆ ಸೌಂಡ್ ಬ್ಲಾಸ್ಟರ್ ಹೆಸರಲ್ಲಿ ಮಾರಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಸೌಂಡ್ ಬ್ಲಾಸ್ಟರ್ ಮಾನಕವನ್ನು ಹುಟ್ಟುಹಾಕಿದ ಕಂಪನಿಯೇ, ಹೊಸ ಸ್ಲಾಟಿನಲ್ಲಿ ತನ್ನದೇ ಮಾನಕವನ್ನು ಉಳಿಸಿಕೊಳ್ಳೋಕೆ ಇನ್ನೊಬ್ಬರ ವಿದ್ಯೆ ಕೊಳ್ಳಬೇಕಾಯ್ತು.

ಮೂರನೇ ಏಟು ಎಲ್ಲಕ್ಕಿಂತ ದೊಡ್ಡದು. ಹೆಸರು ಎಸಿ 97. ಬರೆದದ್ದು ಇಂಟೆಲ್. ಅದರ ಯೋಚನೆ ಸರಳ. ಸೌಂಡ್ ಕಾರ್ಡ್ ಮಾಡೋ ಕೆಲಸವನ್ನು ಎರಡು ಭಾಗ ಮಾಡಿ. ಲೆಕ್ಕದ ಭಾಗ ಒಂದು, ಅದನ್ನು ಮದರ್‌ಬೋರ್ಡಿನ ಮುಖ್ಯ ಚಿಪ್‌ಸೆಟ್ಟೂ ಪ್ರೊಸೆಸರ್ರೂ ನೋಡಿಕೊಳ್ಳಲಿ. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಬದಲಾಯಿಸಿ ಸ್ಪೀಕರಿಗೆ ಕಳಿಸುವ ಭಾಗ ಇನ್ನೊಂದು, ಅದಕ್ಕೆ ಕೋಡೆಕ್ ಅನ್ನೋ ಪುಟ್ಟ ಅಗ್ಗದ ಚಿಪ್ ಸಾಕು. ಎರಡರ ನಡುವಿನ ತಂತಿಯ ನಿಯಮ ನಾನು ಬರೆದುಕೊಡ್ತೀನಿ ಅಂತು ಇಂಟೆಲ್. ತೈವಾನಿನ ರಿಯಲ್‌ಟೆಕ್‌ನಂಥ ಕಂಪನಿಗಳು ಕೋಡೆಕ್ ಚಿಪ್ಪುಗಳನ್ನು ಮಾಡಿ ಸುರಿದವು. ಮದರ್‌ಬೋರ್ಡ್ ಕೊಂಡರೆ ಸದ್ದು ಉಚಿತ, ಇಡ್ಲಿ ಜೊತೆ ಚಟ್ನಿ ಬಂದ ಹಾಗೆ. ಅದೇ ಹೊತ್ತಿಗೆ ನಾನು ಮೊದಲು ಹೇಳಿದ ಪಿಸಿ 99 ಕೈಪಿಡಿ ಬಣ್ಣ ಹಚ್ಚಿದ್ದಷ್ಟೇ ಅಲ್ಲ, ಐಎಸ್‌ಎ ಸ್ಲಾಟನ್ನು ಕೈಬಿಡಿ ಅಂತಲೂ ತಯಾರಕರಿಗೆ ಹೇಳಿತ್ತು. ಹಳೇ ಕಾರ್ಡುಗಳಿಗೆ ಕೂರಲು ಜಾಗವೇ ಇಲ್ಲದಂತಾಯ್ತು.

ಮೊದಮೊದಲು ಈ ಉಚಿತ ಸದ್ದು ಅಷ್ಟಕ್ಕಷ್ಟೇ. ಹೆಡ್‌ಫೋನ್ ಹಾಕಿದರೆ ಹಿನ್ನೆಲೆಯಲ್ಲಿ ಗುಂಯ್ ಅನ್ನೋದು, ಮೌಸ್ ಸರಿಸಿದರೆ ಕಿರ್ ಅನ್ನೋದು. ಆದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಅಷ್ಟು ಸಾಕಿತ್ತು. 2004ರಲ್ಲಿ ಇಂಟೆಲ್‌ನದ್ದೇ ಹೈ ಡೆಫಿನಿಷನ್ ಆಡಿಯೋ ಮಾನಕ ಬಂದಾಗ ಎಂಟು ಚಾನೆಲ್, 192 ಕಿಲೋಹರ್ಟ್ಸ್ ತನಕ ಮದರ್‌ಬೋರ್ಡಿನಲ್ಲೇ ಸಾಧ್ಯ ಆಯ್ತು. ಸಾಮಾನ್ಯ ಗಿರಾಕಿಗೆ ಬೇರೆ ಕಾರ್ಡ್ ಕೊಳ್ಳಲು ಕಾರಣವೇ ಉಳಿಯಲಿಲ್ಲ.

ಕ್ರಿಯೇಟಿವ್ ಸುಮ್ಮನೆ ಕೂತಿರಲಿಲ್ಲ. ಅಗ್ಗದ ಗಿರಾಕಿ ಹೋದರೆ ಹೋಗಲಿ, ಗೇಮ್ ಆಡೋ ಹುಚ್ಚಿರುವವರು ಇದ್ದಾರಲ್ಲ ಅಂತ ಆ ಕಡೆ ನಡೀತು. ಶತ್ರು ಹಿಂದಿನಿಂದ ಬಂದರೆ ಹೆಜ್ಜೆ ಸದ್ದು ಹಿಂದಿನಿಂದಲೇ ಕೇಳಬೇಕು, ಗುಹೆಯೊಳಗೆ ಮಾತು ಪ್ರತಿಧ್ವನಿಸಬೇಕು. ಈ ಲೆಕ್ಕವನ್ನೆಲ್ಲ ಕಾರ್ಡಿನ ಚಿಪ್ ಮಾಡುತ್ತೆ ಅನ್ನೋದು ಅವರ ಮಾರಾಟದ ಮಂತ್ರ. ಇದೇ ಅಖಾಡದಲ್ಲಿ ಅಮೆರಿಕದ ಆರಿಯಲ್ ಕಂಪನಿ ಇತ್ತು, ಅವರ ತಂತ್ರಕ್ಕೂ ಒಳ್ಳೆಯ ಹೆಸರಿತ್ತು. ಕ್ರಿಯೇಟಿವ್ 1998ರಲ್ಲಿ ಪೇಟೆಂಟ್ ದಾವೆ ಹೂಡಿತು. ಕೋರ್ಟಿನಲ್ಲಿ ಆರಿಯಲ್ ಗೆದ್ದಿತು, ಆದರೆ ಖರ್ಚಿನ ಭಾರಕ್ಕೆ ಕುಸಿದು 2000ದಲ್ಲಿ ದಿವಾಳಿಯಾಯ್ತು. ಅದರ ಆಸ್ತಿಯನ್ನು 3.2 ಕೋಟಿ ಡಾಲರಿಗೆ ಕೊಂಡದ್ದು ಯಾರು? ಕ್ರಿಯೇಟಿವ್ವೇ. ಗೆದ್ದವನು ಸೋತ, ಸೋತವನು ಸತ್ತ ಅನ್ನೋ ನಮ್ಮ ಕೋರ್ಟು ಕಟ್ಟೆಯ ಮಾತಿಗೆ ಇಲ್ಲಿ ಸಣ್ಣ ತಿದ್ದುಪಡಿ ಬೇಕು. ಇಲ್ಲಿ ಗೆದ್ದವನೇ ಸತ್ತ.

ಹೀಗೆ ಮೇಲಿನ ಮಹಡಿಯಲ್ಲಿ ಒಬ್ಬನೇ ಉಳಿದವನ ಕಾಲ ಕೆಳಗಿನ ಹಲಗೆಯನ್ನು ಎಳೆದದ್ದು ವಿಂಡೋಸ್ ವಿಸ್ಟಾ, 2007ರ ಜನವರಿಯಲ್ಲಿ ಅಂಗಡಿಗೆ ಬಂದದ್ದು. ಮೈಕ್ರೋಸಾಫ್ಟ್ ಸದ್ದಿನ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಬರೆಯಿತು. ಡೈರೆಕ್ಟ್ ಸೌಂಡ್ ಮೂಲಕ ಗೇಮ್‌ಗಳು ಕಾರ್ಡಿನ ಚಿಪ್ಪಿಗೆ ಕೆಲಸ ಒಪ್ಪಿಸುತ್ತಿದ್ದ ದಾರಿಯನ್ನು ತೆಗೆದುಹಾಕಿತು. ಕಾರಣವೂ ಇತ್ತು. ಸದ್ದಿನ ಡ್ರೈವರ್ ವಿಂಡೋಸ್‌ನ ಗರ್ಭಗುಡಿಯೊಳಗೆ ಕೂತು ಏನಾದರೂ ಎಡವಟ್ಟು ಮಾಡಿದರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಬಿದ್ದುಹೋಗ್ತಿತ್ತು. ಆದ್ದರಿಂದ ಸದ್ದಿನ ಬಹುಪಾಲು ಕೆಲಸವನ್ನು ಗರ್ಭಗುಡಿಯಿಂದ ಆಚೆಗೆ, ಪ್ರಾಂಗಣಕ್ಕೆ ತಂದು ನಿಲ್ಲಿಸಿದರು. ಬಳಕೆದಾರನಿಗೆ ಇದರಿಂದ ಒಳ್ಳೆಯದೇ ಆಯ್ತು. ಒಂದೊಂದು ಪ್ರೋಗ್ರಾಮಿಗೆ ಬೇರೆ ಬೇರೆ ವಾಲ್ಯೂಮ್ ಇಡುವ ಸೌಲಭ್ಯ ಬಂದದ್ದೂ ಆಗಲೇ. ಆದರೆ ದುಬಾರಿ ಕಾರ್ಡ್ ಕೊಂಡವನ ಹಳೇ ಗೇಮ್ ಒಂದು ಬೆಳಗ್ಗೆ ಸಪ್ಪೆ ಸದ್ದು ಮಾಡತೊಡಗಿತು. ಕಾರ್ಡ್ ಕೆಟ್ಟಿರಲಿಲ್ಲ. ನಿಯಮ ಬದಲಾಗಿತ್ತು. ಕ್ರಿಯೇಟಿವ್ ಆಲ್ಕೆಮಿ ಅನ್ನೋ ಸಾಫ್ಟ್‌ವೇರ್ ಕೊಟ್ಟು ಸುತ್ತುದಾರಿ ತೋರಿಸಿತು, ನಿಜ. ಹೆದ್ದಾರಿ ಮುಚ್ಚಿದ ಮೇಲೆ ಸುತ್ತುದಾರಿಯಲ್ಲಿ ಎಷ್ಟು ಜನ ಓಡಾಡ್ತಾರೆ?

ಇದು ಎಲ್ಲೋ ಸಿಂಗಪುರದ ಕಥೆ ಅಂತ ಅಂದುಕೊಳ್ಳಬೇಡಿ. ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇದು ಚೆನ್ನಾಗಿ ಗೊತ್ತಿರೋ ಪಾಡು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟ್ ಕೋಡ್ ಇದ್ದ ಕಾಲದಲ್ಲಿ, ಒಂದರಲ್ಲಿ ಬರೆದ ಕಡತ ಇನ್ನೊಂದರಲ್ಲಿ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು. ಯುನಿಕೋಡ್ ಬಂದ ಮೇಲೆ ಆ ಗೋಡೆಗಳು ಉರುಳಿದವು. ಓದುಗನಿಗೆ ಹಬ್ಬ. ಆದರೆ ಹಳೇ ಫಾಂಟಿನ ಮೇಲೇ ವ್ಯಾಪಾರ ಕಟ್ಟಿಕೊಂಡವರು ಕಂಗಾಲಾದರು, ಹಳೇ ಕಡತಗಳ ರಾಶಿ ಇಟ್ಟುಕೊಂಡ ಪ್ರಕಾಶಕರು ಕನ್ವರ್ಟರ್ ಹುಡುಕಿಕೊಂಡು ಅಲೆದರು. ಒಂದೇ ನಿಯಮ, ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಬೀಗ.

ಹಾಗಾದರೆ ಸೌಂಡ್ ಕಾರ್ಡ್ ಸತ್ತೇಹೋಯ್ತಾ? ಇಲ್ಲ. ಮನೆ ಬದಲಾಯಿಸಿತು. ಅದಕ್ಕೂ ಕಾರಣ ಇನ್ನೊಂದು ಮಾನಕ, ಯುಎಸ್‌ಬಿ. 1998ರ ಹೊತ್ತಿಗೇ ಯುಎಸ್‌ಬಿಯಲ್ಲಿ ಸದ್ದಿನ ಉಪಕರಣ ಹೇಗೆ ಮಾತಾಡಬೇಕು ಅಂತ ಒಂದು ಸಾಮಾನ್ಯ ನಿಯಮ ಬರೆದಾಗಿತ್ತು. ಆ ನಿಯಮ ಪಾಲಿಸಿದ ಪೆಟ್ಟಿಗೆಗೆ ಬೇರೆ ಡ್ರೈವರ್ ಬೇಡ, ಸಿಕ್ಕಿಸಿದರೆ ಸಾಕು. ಕಂಪ್ಯೂಟರಿನ ಒಳಗಿನ ವಿದ್ಯುತ್ ಗದ್ದಲದಿಂದ ದೂರ, ಹೊರಗೆ ಮೇಜಿನ ಮೇಲೆ ಕೂರುವುದರಿಂದ ಗುಂಯ್ ಸದ್ದಿನ ಕಾಟವೂ ಕಡಿಮೆ. ಇವತ್ತು ಪಾಡ್‌ಕಾಸ್ಟ್ ಮಾಡುವವರು, ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರು ಕೊಳ್ಳುವ ಆಡಿಯೋ ಇಂಟರ್‌ಫೇಸ್ ಅನ್ನೋ ಡಬ್ಬ ಇದೆಯಲ್ಲ, ಅದು ಸೌಂಡ್ ಕಾರ್ಡೇ. ಇಂಗ್ಲೆಂಡಿನ ಫೋಕಸ್‌ರೈಟ್‌ನಂಥ, ಸ್ಟುಡಿಯೋ ಸಾಮಾನು ಮಾಡುತ್ತಿದ್ದ ಕಂಪನಿಗಳು ಈ ಹೊಸ ಮಾರುಕಟ್ಟೆಯ ದೊಡ್ಡ ಹೆಸರಾದವು. ಅಷ್ಟೇ ಯಾಕೆ, ಫೋನಿನಿಂದ 3.5 ಮಿಲಿಮೀಟರ್ ತೂತು ಮಾಯವಾದ ಮೇಲೆ ಹಳೇ ಹೆಡ್‌ಫೋನ್ ಹಾಕೋಕೆ ನೀವು ಕೊಳ್ಳೋ ಸಿ ಟೈಪ್ ಕನೆಕ್ಟರ್‌ಗಳಲ್ಲಿ ಎಷ್ಟೋ ಸೌಂಡ್ ಕಾರ್ಡುಗಳೇ. ಒಂದು ಕಾಲಕ್ಕೆ ಅಂಗೈಗಿಂತ ಅಗಲ ಇದ್ದದ್ದು ಈಗ ಹುಣಸೆಬೀಜದಷ್ಟು ಚಿಪ್ ಆಗಿ ವೈರಿನ ತುದಿಯಲ್ಲಿ ಕೂತಿದೆ.

ಕೊಳ್ಳುವಾಗ ಇಲ್ಲೇ ಒಂದು ಎಚ್ಚರ ಬೇಕು. ನೋಡೋಕೆ ಒಂದೇ ಥರ ಇರುವ ಸಿ ಟೈಪ್ ಕನೆಕ್ಟರ್‌ಗಳಲ್ಲಿ ಎರಡು ಜಾತಿ. ಒಂದರೊಳಗೆ ಅಂಕಿಯನ್ನು ಸದ್ದು ಮಾಡುವ ಚಿಪ್ ಇದೆ. ಇನ್ನೊಂದರಲ್ಲಿ ಬರೀ ವೈರು, ಸದ್ದನ್ನು ಫೋನೇ ತಯಾರಿಸಿ ಕಳಿಸಬೇಕು. ಎರಡನೇ ಜಾತಿಯದ್ದು ಕೆಲವು ಫೋನ್‌ಗಳಲ್ಲಿ ಮಾತ್ರ ನಡೆಯುತ್ತೆ. ಅಣ್ಣನ ಫೋನಿನಲ್ಲಿ ಹಾಡಿದ್ದು ತಂಗಿಯ ಫೋನಿನಲ್ಲಿ ಮೂಕವಾದರೆ ಕನೆಕ್ಟರ್ ಕೆಟ್ಟಿದೆ ಅಂತ ಎಸೆಯಬೇಡಿ. ಅಂಗಡಿಯಲ್ಲಿ 'ಇದರೊಳಗೆ ಡಿಎಸಿ ಚಿಪ್ ಇದೆಯಾ?' ಅಂತ ಒಂದು ಮಾತು ಕೇಳಿ. ಬ್ಲೂಟೂತ್‌ನಲ್ಲೂ ಇದೇ ಕಥೆ. ಹಾಡು ಕೇಳುವಾಗ ಚೆನ್ನಾಗಿದ್ದ ಇಯರ್‌ಬಡ್, ಮೀಟಿಂಗಿಗೆ ಮೈಕ್ ಆನ್ ಮಾಡಿದ ಕೂಡಲೇ ಹಳೇ ಲ್ಯಾಂಡ್‌ಲೈನ್ ಥರ ಕೇಳಿಸುತ್ತೆ ಅಲ್ವಾ? ಹಾಡಿಗೆ ಒಂದು ನಿಯಮ, ಮಾತುಕತೆಗೆ ಇನ್ನೊಂದು ನಿಯಮ. ಎರಡನೇದಕ್ಕೆ ಜಾರಿದಾಗ ಸದ್ದು ಸೊರಗುತ್ತೆ. ಎಲ್ಇ ಆಡಿಯೋ ಅನ್ನೋ ಹೊಸ ಮಾನಕ ಇದನ್ನು ಸರಿಪಡಿಸುವ ದಾರಿ ಕೊಟ್ಟಿದೆ. ಆದರೆ ಇಯರ್‌ಬಡ್ ಮತ್ತು ಫೋನ್ ಎರಡಕ್ಕೂ ಅದು ಗೊತ್ತಿರಬೇಕು.

ಮಾನಕ ಬದಲಾಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಮೂರು ಅಂಕಿ ಬಾಯಿಪಾಠ ಮಾಡದೆ ಇವತ್ತು ನಾವು ಹಾಡು ಕೇಳ್ತಿರೋದು ಅದರಿಂದಲೇ. ಮದರ್‌ಬೋರ್ಡಿನ ಸದ್ದು ಉಚಿತ ಆದದ್ದರಿಂದಲೇ ಹಳ್ಳಿ ಶಾಲೆಯ ಅಗ್ಗದ ಕಂಪ್ಯೂಟರ್ ಕೂಡ ಮಾತಾಡುತ್ತೆ. ಗಿರಾಕಿಗೆ ಗೆಲುವೇ. ಸೋಲು ಯಾರಿಗೆ ಅಂದ್ರೆ, ಬೇರೆಯವರು ಬರೆದ ನಿಯಮದ ಮೇಲೆ ಮನೆ ಕಟ್ಟಿಕೊಂಡು ಜಮೀನು ನಮ್ಮದೇ ಅಂದುಕೊಂಡವರಿಗೆ. ಗುತ್ತಿಗೆ ಹೊಲದಲ್ಲಿ ಎಷ್ಟು ಚೆನ್ನಾಗಿ ಉತ್ತರೂ ಒಡೆಯ ಬೇಡ ಅಂದ ದಿನ ನೇಗಿಲು ಎತ್ತಲೇಬೇಕು. ಆಡ್‌ಲಿಬ್‌ಗೆ ಆದದ್ದು ಅದೇ. ಹದಿನೈದು ವರ್ಷ ಬಿಟ್ಟು ಕ್ರಿಯೇಟಿವ್‌ಗೆ ಆದದ್ದೂ ಅದೇ.

ಸಿಮ್ ವಾಂಗ್ ಹೂ 2023ರ ಜನವರಿಯಲ್ಲಿ ತೀರಿಕೊಂಡರು, 67 ವರ್ಷ. ಅವರ ಕಂಪನಿ ಇನ್ನೂ ಇದೆ, ಸೌಂಡ್ ಬ್ಲಾಸ್ಟರ್ ಅನ್ನೋ ಹೆಸರೂ ಇದೆ, ಹೆಚ್ಚಾಗಿ ಯುಎಸ್‌ಬಿ ಡಬ್ಬಗಳ ಮೇಲೆ. ಅದೇ ತಿಂಗಳು ನಮ್ಮ ಭಾರತೀಯ ಮಾನಕ ಬ್ಯೂರೋ ಸಿ ಟೈಪ್ ಚಾರ್ಜಿಂಗ್‌ಗೆ ಭಾರತೀಯ ಮಾನಕ ಹೊರಡಿಸಿತು. ಆದರೆ ಅದರ ತಿರುಳು ಅಂತಾರಾಷ್ಟ್ರೀಯ ಮಾನಕದ್ದು. 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ನೆಲೆಸಿದ ಊರು ಬೆಂಗಳೂರು. ಚಿಪ್ ವಿನ್ಯಾಸ ಮಾಡುವ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಪ್ರತಿ ವರ್ಷ ಇಂಜಿನಿಯರಿಂಗ್ ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಚಿಪ್ ಮಾಡೋದು ಕಲಿಸ್ತೀವಿ, ಕೋಡ್ ಬರೆಯೋದು ಕಲಿಸ್ತೀವಿ. ಆ ಚಿಪ್ಪು ಯಾವ ನಿಯಮಕ್ಕೆ ತಲೆಬಾಗಬೇಕು ಅಂತ ಬರೆಯುವ ಮೇಜಿನಲ್ಲಿ ಕೂರೋದನ್ನೂ ಒಂದು ಉದ್ಯೋಗ ಅಂತ ಯಾವಾಗ ಕಲಿಸ್ತೀವಿ?